ಅತ್ತೆಯ ಹಾಡುಗಳು ಮತ್ತು ನನ್ನ ನೀಲಿ ಕಿಟಕಿ

ಸಿಂದಗಿಯ ಒಂದು ಕಾಲೇಜಿನ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತನಾಗಿರುವ ನಾನು ಇಂದಿಗೂ ಯಾರಿಗೂ ಒಂದು ಆದೇಶ ಕೊಟ್ಟವನಲ್ಲ. ಟಿಪ್ಪಣಿಯ ಕೊನೆಗೆ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆದು ಮೇಲಕ್ಕೆ ಕಳಿಸುವುದು, ಮೇಲಿನಿಂದ ಬಂದದ್ದನ್ನು ಕೆಳಕ್ಕೆ ಸಾಗಿಸುವುದು, ಇಷ್ಟೇ ನನ್ನ ಪಾಲಿನ ಆಡಳಿತ. ಜವಾನ ಮಲ್ಲಪ್ಪನಿಗೆ ಚಹಾ ತರಲು ಹೇಳಬೇಕಾದರೂ, ‘ಆ ಕಡಿ ಏನರ ಹೊಂಟಿದ್ರ…’ ಎಂದು ರಾಗ ಎಳೆಯುತ್ತೇನೆ. ಅವನು, ‘ಇಲ್ರಿ ಸರ್, ಈ ಕಡಿ ಹೊಂಟೇನಿ’ ಎಂದು ಹೋಗಿಯೇ ಬಿಡುತ್ತಾನೆ. ಮನೆಯ ವಿಷಯವಂತೂ ಕೇಳಲೇಬೇಡಿ. ಇಂಥವನಿಗೆ ಕಂಪ್ಯೂಟರಿನಲ್ಲಿ ಕಮಾಂಡ್ ಬರೆಯುವ ಕಿಟಕಿ ಸಿಕ್ಕಾಗ ಏನಾಗಿರಬೇಕು, ನೀವೇ ಊಹಿಸಿ. ಮೌಸ್ ಹಿಡಿದು ಚಿತ್ರದ ಮೇಲೆ ಒತ್ತುವುದೆಂದರೆ, ಅಂಗಡಿಯಲ್ಲಿ ಬೆರಳು ತೋರಿಸಿ ‘ಅದು ಅಲ್ಲ, ಅದರ ಬಾಜೂದು’ ಎಂದು ಬೇಡಿದ ಹಾಗೆ. ಈ ಕಿಟಕಿಯಲ್ಲಿ ಹಾಗಲ್ಲ. ಹುಕುಂ ಬರೆಯಬೇಕು, ಎಂಟರ್ ಹೊಡೆಯಬೇಕು, ಕೆಲಸ ಆಗಲೇಬೇಕು. ಕಮಾಂಡ್ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ನಾನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತೇನೆ.

ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರು, ಆದರೆ ಅದರೊಳಗೆ ಎರಡು ಸಂಸಾರ. ಒಂದು ನನ್ನ ವಿಂಡೋಸ್, ಇನ್ನೊಂದು ನನ್ನ ಹೆಂಡತಿ ಸುನಂದಾಳ ಲಿನಕ್ಸ್; ಯಂತ್ರ ಶುರುಮಾಡುವಾಗಲೇ ಯಾವುದು ಬೇಕೆಂದು ಆರಿಸಬೇಕು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಅಲ್ಲಿಯ ಕಂಪ್ಯೂಟರ್ ಕೋಣೆಯ ಕೀಲಿಕೈಯೂ ಅವಳ ಹತ್ತಿರವೇ ಇರುವುದರಿಂದ ಲಿನಕ್ಸು, ಅದರ ಬ್ಯಾಷ್ ಎಂಬ ಶೆಲ್ಲು ಅವಳಿಗೆ ಕರತಲಾಮಲಕ. ಶೆಲ್ ಎಂದರೆ ನಾವು ಬರೆದ ಹುಕುಮನ್ನು ಓದಿ, ಒಳಗಿನ ಯಂತ್ರಕ್ಕೆ ಮುಟ್ಟಿಸಿ, ಕೆಲಸ ಮಾಡಿಸುವ ಆಸಾಮಿ. ವಿಂಡೋಸಿನಲ್ಲಿ ನಾನು ಹುಕುಂ ಬರೆಯುತ್ತಿದ್ದ ಹಳೆಯ ಕಪ್ಪು ಕಿಟಕಿಯವನು ವಿಂಡೋಸಿಗೂ ಮುಂಚಿನ ಡಾಸ್ ಕಾಲದಿಂದ ಬಂದ ಮುದುಕ. ಕಲಿತದ್ದು ನಾಲ್ಕೇ ಮಾತು, ಆದರೆ ಎಲ್ಲವನ್ನೂ ಅಳಿಸು ಎಂದರೆ ‘ಖರೇನಾ?’ ಎಂದು ಒಂದು ಸಲ ಕೇಳುವಷ್ಟು ಕರುಳು ಇರುವವನು. ಸುನಂದಾಳ ಬ್ಯಾಷ್ ಬೇರೆ ತಳಿ. ಕೆಲಸ ಕೆಟ್ಟರೆ ಮಾತ್ರ ಬಾಯಿ ತೆರೆಯುತ್ತದೆ. ಸರಿಯಾಗಿ ಆದರೆ ಆಯಿತು ಎಂದೂ ಹೇಳುವುದಿಲ್ಲ, ಮುಂದಿನ ಹುಕುಮಿಗೆ ಸುಮ್ಮನೆ ಕಾಯುತ್ತದೆ. ‘ಇದು ಮಾಡಿತೋ ಇಲ್ಲೋ ಹೆಂಗ ತಿಳೀಬೇಕು?’ ಎಂದು ನಾನು ಮೊದಲ ದಿನ ಕೇಳಿದ್ದೆ. ‘ಸುಮ್ಮ ಐತಿ ಅಂದ್ರ ಮಾಡೇತಿ ಅಂತ ತಿಳ್ಕೊಳ್ರಿ’ ಎಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಸುಮ್ಮನಿದ್ದಾಗ ಎಲ್ಲವೂ ಸರಿಯಾಗಿದೆ ಎಂದು ನಾನು ಒಂದು ಸಲವೂ ತಿಳಿದದ್ದಿಲ್ಲ.

ಮುದ್ದೇಬಿಹಾಳದಲ್ಲಿ ಫೋಟೊ ಸ್ಟುಡಿಯೋ ಇಟ್ಟಿರುವ ನನ್ನ ಗೆಳೆಯನ ಬಳಿ ಮ್ಯಾಕ್ ಇದೆ. ಅದರ ಶೆಲ್ಲಿನ ಹೆಸರು ಝೀಷೆಲ್. ಅವನು ಅದನ್ನು ಹೇಗೆ ಪಳಗಿಸಿದ್ದಾನೆಂದರೆ, ಕೈ ತಪ್ಪಿ ಅಕ್ಷರ ಹಿಂದುಮುಂದಾದರೆ ‘ನೀವು ಹೀಗೆ ಬರೆಯಬೇಕೆಂದಿದ್ದಿರಾ?’ ಎಂದು ಕೇಳಿ ತಿದ್ದುತ್ತದೆ. ಅಷ್ಟು ಮರ್ಯಾದೆ ನನಗೆ ಒಗ್ಗಲಿಲ್ಲ; ಕಚೇರಿಯಲ್ಲಿ ನನ್ನ ಟಿಪ್ಪಣಿ ತಿದ್ದುವವರು ಈಗಲೇ ಮೂವರಿದ್ದಾರೆ. ‘ಆ ಹಳೇ ಕಪ್ಪು ಕಿಟಕಿ ಬಿಡ್ರಿ, ನಾಕು ಮಂದಿ ನಗತಾರ’ ಎಂದು ಸುನಂದಾ ಕಾಡಿದ್ದರಿಂದ ಕೊನೆಗೆ ನಾನು ಪವರ್‌ಶೆಲ್ ಎಂಬ ನೀಲಿ ಕಿಟಕಿಗೆ ಬಂದೆ. ಪವರ್ ಎಂಬ ಶಬ್ದ ಹೆಸರಿನಲ್ಲೇ ಇದ್ದದ್ದು ನನ್ನಂಥವನಿಗೆ ಸಾಕಾಯಿತು. ಅಳಿಸು ಎನ್ನಲು ಇಲ್ಲಿ ‘ರಿಮೂವ್-ಐಟಮ್’ ಎಂದು ಸರ್ಕಾರಿ ಪತ್ರದ ಗತ್ತಿನಲ್ಲಿ ಬರೆಯಬಹುದು. ಮುದುಕನ ಭಾಷೆಯೂ ಇದಕ್ಕೆ ತಿಳಿಯುತ್ತದೆ, ಲಿನಕ್ಸಿನವರ ಭಾಷೆಯೂ ತಕ್ಕಮಟ್ಟಿಗೆ ತಿಳಿಯುತ್ತದೆ. ಎರಡೂ ಕಡೆಯ ಬೀಗರಿಗೆ ಹೊಂದಿಕೊಂಡು ಮಾತಾಡುವ ಮದುವೆಯ ಮಧ್ಯಸ್ಥನ ಗುಣ. ‘ವಾಟ್‌ಇಫ್’ ಎಂಬ ಬಾಲ ಹಚ್ಚಿದರೆ, ಕೆಲಸ ಮಾಡುವ ಮೊದಲು ಏನೇನಾಗುತ್ತದೆಂದು ಹೇಳಿಯೂ ತೋರಿಸುತ್ತದೆ. ನಾನು ಅದನ್ನು ಒಂದು ದಿನವೂ ಹಚ್ಚಲಿಲ್ಲ. ಹುಕುಂ ಕೊಡುವವನು ಮೊದಲೇ ‘ಹೀಗೆ ಮಾಡಿದರೆ ಹೇಗೆ?’ ಎಂದು ಕೇಳಿದರೆ ಅದು ಮತ್ತೆ ಗುಮಾಸ್ತಿಕೆಯೇ ಆಯಿತಲ್ಲ.

ಈಗ ನಮ್ಮ ಅತ್ತೆಯ ವಿಷಯಕ್ಕೆ ಬರಬೇಕು. ಅತ್ತೆ ಶಾಂತವ್ವನವರು ಗೊಳಸಂಗಿಯವರು. ಬೀಸುವ ಪದ, ಸೋಬಾನ ಪದ, ಬೀಗರನ್ನು ಹಂಗಿಸುವ ಪದ, ಎಲ್ಲ ಸೇರಿ ಅವರ ಬಾಯಲ್ಲಿ ಎಷ್ಟು ಹಾಡುಗಳಿವೆಯೋ ಅವರಿಗೇ ಗೊತ್ತಿಲ್ಲ. ಒಂದು ಬೇಸಿಗೆ ರಜೆಯಲ್ಲಿ ಸುನಂದಾ ತವರಿಗೆ ಹೋಗಿ ಅರವತ್ನಾಲ್ಕು ಹಾಡುಗಳನ್ನು ಫೋನಿನಲ್ಲಿ ಹಿಡಿದು ತಂದು, ಒಂದೊಂದಕ್ಕೂ ಕನ್ನಡದಲ್ಲೇ ಹೆಸರು ಬರೆದು ಕಂಪ್ಯೂಟರಿನಲ್ಲಿ ಎರಡೂ ಸಂಸಾರಕ್ಕೆ ಸೇರಿದ ಜಾಗದಲ್ಲಿ ಇಟ್ಟಿದ್ದಳು. ‘ಫೋನಿನಾಗಿಂದ ತಗದುಬಿಡು, ಕಂಪ್ಯೂಟರಿನಾಗ ಭದ್ರ ಇರತಾವ’ ಎಂದು ಬುದ್ಧಿ ಹೇಳಿದವನು ನಾನು. ಆಮೇಲೆ ಅತ್ತೆ ಫೋನು ಮಾಡಿದಾಗಲೆಲ್ಲ, ‘ಪದ ಕೇಳಿದ್ರೇನ್ರಿ ಅಳ್ಯಾರ?’ ಎನ್ನುತ್ತಿದ್ದರು. ‘ಕೇಳಿದೆ ಅತ್ತೀ, ಭಾಳ ಛಲೋ ಹಾಡೀರಿ’ ಎನ್ನುತ್ತಿದ್ದೆ. ಸತ್ಯವೇನೆಂದರೆ, ನಾನು ಒಂದನ್ನೂ ಕೇಳಿರಲಿಲ್ಲ. ನಾಳೆ ಕೇಳಿದರಾಯಿತು ಎಂಬ ಜಾತಿಯ ಕೆಲಸ ಅದು.

ಒಂದು ಭಾನುವಾರ ಸುನಂದಾ ಮನೆಯಲ್ಲಿರಲಿಲ್ಲ. ನಾನು ಕುಸ್ತಿಯ ವಿಡಿಯೋಗಳನ್ನು ಕೂಡಿಡುವ ಚಟದವನು. ಹೊಸ ವಿಡಿಯೋಗಳನ್ನು ತುಂಬಲು ಹೋದರೆ ಜಾಗವಿಲ್ಲ ಎಂದು ಕಂಪ್ಯೂಟರು ಹಟ ಹಿಡಿಯಿತು. ಗತ್ತಿನಿಂದ ನೀಲಿ ಕಿಟಕಿ ತೆರೆದು ಯಾವ ಫೋಲ್ಡರಿನಲ್ಲಿ ಏನಿದೆ ಎಂದು ಪಟ್ಟಿ ತರಿಸಿದೆ. ಅದರಲ್ಲಿ ಒಂದು ಫೋಲ್ಡರಿನ ಹೆಸರು ನಾಲ್ಕು ಚೌಕ ಡಬ್ಬಿಗಳು, ಅಷ್ಟೇ. ಹೆಸರನ್ನು ತಾನೇ ತುಂಬಿಕೊಡುವ ಟ್ಯಾಬ್ ಗುಂಡಿ ಒತ್ತಿ ಒಳಗಿಳಿದರೆ ಅಲ್ಲಿ ಡಬ್ಬಿಗಳ ಸಂತೆಯೇ ನೆರೆದಿತ್ತು. ಸಾಲುಸಾಲು ಡಬ್ಬಿ, ಒಂದಕ್ಕೂ ಓದಬಹುದಾದ ಹೆಸರಿಲ್ಲ. ವೈರಸ್ಸಿನದೇ ಕೆಲಸ ಎಂದು ತೀರ್ಮಾನಿಸಿದೆ. ನನ್ನ ಎದುರು ಯಾವ ಮೇಲಧಿಕಾರಿಯೂ ಇರಲಿಲ್ಲ. ರಿಮೂವ್-ಐಟಮ್ ಎಂದು ಬರೆದು, ಎಲ್ಲವೂ ಎಂಬರ್ಥದ ನಕ್ಷತ್ರ ಇಟ್ಟು, ಯಾರ ತಕರಾರನ್ನೂ ಕೇಳಬೇಡ ಎಂಬರ್ಥದ ‘ಫೋರ್ಸ್’ ಸೇರಿಸಿ ಎಂಟರ್ ಹೊಡೆದೆ. ಒಂದು ಮಾತಿಲ್ಲದೆ ಕೆಲಸ ಮುಗಿಯಿತು. ಹೀಗೆ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ, ನೇರ ಕೈಲಾಸಕ್ಕೆ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಪೈಲ್ವಾನರನ್ನು ತುಂಬಿ, ಚಹಾ ಮಾಡಿಕೊಂಡು ಕುಡಿದೆ.

ಸಂಜೆ ಸುನಂದಾ ತನ್ನ ಲಿನಕ್ಸ್ ತೆರೆದವಳು ಫೋಲ್ಡರುಗಳನ್ನು ಒಂದೊಂದಾಗಿ ತೆರೆದು ನೋಡಿದಳು. ‘ಏನ್ರೀ, ಅವ್ವನ ಪದ ಎಲ್ಲಿ ಹೋದ್ವು?’ ಎಂದಳು. ನನಗೆ ಆ ಕ್ಷಣದಲ್ಲಿ ಎಲ್ಲವೂ ಹೊಳೆದುಹೋಯಿತು. ಆದರೆ ಬಾಯಿ ಬೇರೆಯೇ ಹಾದಿ ಹಿಡಿಯಿತು. ‘ನಿನ್ನ ಲಿನಕ್ಸ ನುಂಗಿರಬೇಕು ನೋಡು. ಅದು ಹೇಳದ ಕೇಳದ ಕೆಲಸ ಮಾಡತೈತಿ ಅಂತ ನಾ ಮೊದಲ ಹೇಳಿದ್ದೆ’ ಎಂದೆ. ನನ್ನ ಧೈರ್ಯಕ್ಕೆ ಕಾರಣವಿತ್ತು. ಹಳೆಯ ಕಪ್ಪು ಕಿಟಕಿಯ ಮುದುಕನಿಗೆ ಮರೆವು. ಕಿಟಕಿ ಮುಚ್ಚಿದರೆ ನಾವು ಏನು ಬರೆದಿದ್ದೆವೆಂದು ಅವನಿಗೆ ನೆನಪಿರುವುದಿಲ್ಲ. ನೀಲಿ ಕಿಟಕಿಯೂ ಹಾಗೆಯೇ ಎಂದುಕೊಂಡಿದ್ದೆ, ಅದನ್ನು ಮುಚ್ಚಿಯೂ ಇದ್ದೆನಲ್ಲ.

ಅವಳು ಜಗಳವಾಡಲಿಲ್ಲ. ಯಂತ್ರವನ್ನು ಮತ್ತೆ ಶುರುಮಾಡಿ, ನನ್ನ ವಿಂಡೋಸಿಗೆ ಬಂದು, ನೀಲಿ ಕಿಟಕಿ ತೆರೆದು, ಮೇಲ್ಮುಖ ಬಾಣದ ಗುಂಡಿಯನ್ನು ಒಂದು ಸಲ ಒತ್ತಿದಳು. ನಾನು ಹಗಲು ಬರೆದ ಹುಕುಂ ಅಕ್ಷರ ಬಿಡದೆ ಎದ್ದು ಬಂತು. ಪವರ್‌ಶೆಲ್ಲಿಗೆ ಮರೆವಿಲ್ಲ, ನಿನ್ನೆಯದನ್ನೂ ಮೊನ್ನೆಯದನ್ನೂ ಬರೆದಿಟ್ಟುಕೊಳ್ಳುತ್ತದೆ ಎಂಬ ಸಂಗತಿ ನನಗೆ ತಿಳಿದದ್ದು ಆಗಲೇ. ಇನ್ನೊಂದು ಸಲ ಒತ್ತಿದಳು. ನಾಲ್ಕು ಡಬ್ಬಿಗಳು ಬಂದವು.

‘ಈ ನಾಕು ಡಬ್ಬಿ ಐತೆಲ್ರಿ, ಇದು ‘ಅವ್ವ’ ಅಂತ ಬರದದ್ದು. ಈ ಕಿಟಕಿಗೆ ಕನ್ನಡ ತೋರ್ಸಾಕ ಬರಂಗಿಲ್ಲ, ಅ, ವ, ನಡುವಿನ ಅರ್ಧ ಚಿಹ್ನಿ, ಮತ್ತೊಂದು ವ, ಒಂದೊಂದಕ್ಕ ಒಂದು ಡಬ್ಬಿ ಇಡತೈತಿ’ ಎಂದಳು. ಆಮೇಲೆ ಮೆಲ್ಲಗೆ, ‘ಒಂದರ ಹಚ್ಚಿ ಕೇಳಿದ್ರ ಗೊತ್ತಾಗತಿತ್ತು. ಒಮ್ಮೆನೂ ಕೇಳೇ ಇಲ್ಲಲ್ರಿ ನೀವು?’ ಎಂದಳು. ಅಳಿಸಿದ್ದಕ್ಕಿಂತ ಈ ಮಾತಿಗೆ ನನಗೆ ಹೆಚ್ಚು ನಾಚಿಕೆಯಾಯಿತು. ಎರಡು ದಿನ ಒದ್ದಾಡಿ ಅವಳು ಹನ್ನೆರಡು ಹಾಡಿನ ಚೂರುಗಳನ್ನು ಹೊರತೆಗೆದಳು. ಉಳಿದವುಗಳ ಜಾಗದ ಮೇಲೆ ಪೈಲ್ವಾನರು ಕೂತುಬಿಟ್ಟಿದ್ದರು. ‘ಅವ್ವಗ ನೀವ ಹೇಳಬೇಕು’ ಎಂದಳು. ಅದೂ ಒಂದು ಹುಕುಮೇ.

ಮುಂದಿನ ಭಾನುವಾರ ಒಂದು ಚೀಲ ಇಂಡಿ ಲಿಂಬೆಹಣ್ಣು ಹಿಡಿದು, ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಇಬ್ಬರೂ ಗೊಳಸಂಗಿಗೆ ಹೋದೆವು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಟಿಪ್ಪಣಿ ಸಿದ್ಧಮಾಡಿಕೊಂಡಿದ್ದೆ. ‘ಅತ್ತೀ, ಏನೋ ತಾಂತ್ರಿಕ ಕಾರಣದಿಂದ ಹಾಡುಗಳು ಅಳಿಸಲ್ಪಟ್ಟಿವೆ’ ಎಂದು ಶುರುಮಾಡಿದೆ. ‘ಯಾರಿಂದ ಅಂತನೂ ಹೇಳ್ರಿ’ ಎಂದಳು ಸುನಂದಾ. ಗುಮಾಸ್ತನ ಭಾಷೆ ಅಲ್ಲಿಗೆ ಮುಗಿಯಿತು. ‘ನಾನ ಅಳಿಸೇನಿ ಅತ್ತೀ. ಒಂದೂ ಕೇಳಿದ್ದಿಲ್ಲ, ಸುಳ್ಳ ಹೇಳಿದ್ದೆ’ ಎಂದೆ. ಅತ್ತೆ ಲಿಂಬೆಹಣ್ಣುಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕುತ್ತಿದ್ದರು. ಬ್ಯಾಷ್ ಸುಮ್ಮನಿದ್ದರೆ ಎಲ್ಲ ಸರಿ ಎಂದರ್ಥ. ಅತ್ತೆ ಸುಮ್ಮನಿದ್ದರೆ ಏನರ್ಥವೆಂದು ನನಗೆ ಯಾರೂ ಕಲಿಸಿರಲಿಲ್ಲ.

‘ನೀವು ಕೇಳಿಲ್ಲ ಅಂತ ನನಗ ಯಾವಾಗೋ ಗೊತ್ತಿತ್ತ ಬಿಡ್ರಿ’ ಎಂದರು ಕೊನೆಗೆ. ‘ಮೂರನೇ ಪದದಾಗ ನಾ ಕೆಮ್ಮಿ ಕೆಮ್ಮಿ ನಿಂದರಿಸೇನಿ. ಕೇಳಿದವರಾಗಿದ್ರ, ಅತ್ತೀ ಕೆಮ್ಮು ಹೆಂಗೈತಿ ಅಂತ ಕೇಳತಿದ್ರಿ.’ ಅವರು ನಕ್ಕುಬಿಟ್ಟರು. ‘ಹೋದ್ರ ಹೋಗ್ಲಿ. ಪದ ನನ್ನ ಬಾಯಾಗ ಅದಾವ, ನಿಮ್ಮ ಪೆಟಿಗ್ಯಾಗ ಇದ್ವೇನು? ಆ ಸಲ ನಾ ಒಬ್ಬಾಕಿನ ಹಾಡಿದ್ದೆ. ಬೀಸೂ ಪದ ಒಬ್ಬಾಕಿ ಹಾಡಿದ್ರ ಏನ ಚಂದ? ಕಲ್ಲಿಗೆ ಇಬ್ಬರು ಕುಂದರಬೇಕು.’ ಅಂದವರೇ ಬಾಜೂ ಮನೆಯ ಗೆಳತಿ ಬಸವ್ವನನ್ನು ಕೂಗಿದರು. ‘ಈ ಸಲ ಫೋನ ಹಿಡಿಯೂದು ಅಳ್ಯಾರ’ ಎಂದೂ ಸೇರಿಸಿದರು.

ಮೂರು ಭಾನುವಾರ ನಾನು ಫೋನು ಹಿಡಿದು ಬೀಸುಕಲ್ಲಿನ ಮುಂದೆ ಚಕ್ಕಳಮಕ್ಕಳ ಹಾಕಿಕೊಂಡು ಕೂತೆ. ಹಿತ್ತಿಲಲ್ಲಿದ್ದ ಕಲ್ಲನ್ನು ತೊಳೆದು ತಂದು, ನಿಜವಾದ ಜೋಳವನ್ನೇ ಹಾಕಿ, ಇಬ್ಬರೂ ಎದುರುಬದುರು ಕೂತು ಗೂಟ ಹಿಡಿದು ಹಾಡಿದರು. ಒಬ್ಬರು ಎತ್ತಿದ ಸಾಲನ್ನು ಇನ್ನೊಬ್ಬರು ಹಿಡಿಯುವರು. ಒಬ್ಬರು ಮರೆತ ನುಡಿಯನ್ನು ಇನ್ನೊಬ್ಬರು ನೆನಪಿಸುವರು. ಇಷ್ಟು ಚೆಂದದ ಹಾಡುಗಳನ್ನು ಕೇಳದೆಯೇ ಛಲೋ ಎಂದಿದ್ದೆನಲ್ಲ ಎಂದು ನನಗೆ ನನ್ನ ಮೇಲೆಯೇ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಅರವತ್ನಾಲ್ಕು ಇದ್ದದ್ದು ಎಪ್ಪತ್ತೊಂದಾಯಿತು. ಎಪ್ಪತ್ತೊಂದನೆಯದು ಅಲ್ಲೇ, ನನ್ನ ಮುಖ ನೋಡುತ್ತಲೇ ಕಟ್ಟಿದ್ದು:

ಪೆಟಿಗೀಯ ಮುಂದ ಕುಂತ ಸರದಾರ ನಮ್ಮಳಿಯ
ಗುಂಡೀಯ ಒತ್ತಿ ಅರವತ್ತು ಪದ ನುಂಗಿ
ನೀರ ಸೈತ ಕುಡಿಲಿಲ್ಲ

ಈ ಮೂರು ಸಾಲು ಬೀಗರ ಫೋನಿನಿಂದ ಬೀಗರ ಫೋನಿಗೆ ಹಾರಿ ಈಗ ನಾಲ್ಕು ತಾಲೂಕು ಸುತ್ತುತ್ತಿದೆ. ನಾಲತವಾಡದಲ್ಲಿ ಒಂದು ಮದುವೆಗೆ ಹೋದರೆ, ಊಟಕ್ಕೆ ಕೂತ ನನಗೆ ಗುರುತಿಲ್ಲದ ಹೆಂಗಸೊಬ್ಬರು ‘ನೀರು ಕುಡೀರಿ, ನೀರು ಕುಡೀರಿ’ ಎಂದು ಎರಡು ಸಲ ಲೋಟ ತುಂಬಿದರು. ಇದು ಅತಿಯಾಯಿತು, ಮೂಲವನ್ನಾದರೂ ತೆಗೆದುಹಾಕಬೇಕು ಎಂದು ಒಂದು ಮಧ್ಯಾಹ್ನ ಕೂತೆ. ಹಾಡುಗಳೆಲ್ಲ ಈಗ ಲಿನಕ್ಸಿನಲ್ಲಿವೆ, ಅಲ್ಲಿ ನಾನು ಬರೀ ಸಾಧಾರಣ ಬಳಕೆದಾರ. ಅಳಿಸುವ ಹುಕುಂ ಬರೆದು ಎಂಟರ್ ಹೊಡೆದೆ. ಸದಾ ಸುಮ್ಮನಿರುವ ಬ್ಯಾಷ್ ಅಂದು ಬಾಯಿ ತೆರೆದು ‘ಪರ್ಮಿಷನ್ ಡಿನೈಡ್’ ಎಂದಿತು. ಬೆನ್ನ ಹಿಂದೆ ಸುನಂದಾ ನಿಂತಿದ್ದಳು.

‘ಏನ್ ಮಾಡಾಕತ್ತೀರಿ?’

‘ಏನಿಲ್ಲ, ಪದ ಕೇಳೂಣಂತ. ಪಾಸ್‌ವರ್ಡ್ ಬೇಕಾಗಿತ್ತು.’

‘ಕೇಳಾಕ ಪಾಸ್‌ವರ್ಡ್ ಬೇಕಿಲ್ರಿ. ಅಳಸಾಕ ಅಷ್ಟ ಬೇಕು.’

ಬಾಯಿ ಬಿಟ್ಟ ಮೇಲೆ ಕೇಳಲೇಬೇಕಲ್ಲ, ಆ ಎಪ್ಪತ್ತೊಂದನೆಯದನ್ನೇ ಹಚ್ಚಿದೆ. ಕಲ್ಲಿನ ಗರಗರ, ಅತ್ತೆಯ ದನಿ, ಬಸವ್ವನ ದನಿ. ಎರಡನೆಯ ಸಾಲಿಗೆ ಇಬ್ಬರಿಗೂ ನಗು ಬಂದಿದೆ, ತಡೆದುಕೊಂಡು ಹಾಡುತ್ತಿದ್ದಾರೆ. ಆದರೆ ಅವರು ಮೂರನೆಯ ಸಾಲು ಮುಟ್ಟುವ ಮೊದಲೇ, ಫೋನಿನ ತೀರ ಹತ್ತಿರದಿಂದ, ಒಬ್ಬ ಗಂಡಸು ಹೋ ಎಂದು ನಗಲು ಶುರುಮಾಡುತ್ತಾನೆ. ಹಾಡು ಮುಗಿದರೂ ಅವನ ನಗು ಮುಗಿಯುವುದಿಲ್ಲ. ನಡುವೆ ಉಸಿರು ಸಿಕ್ಕಿಕೊಂಡು ಕೆಮ್ಮುತ್ತಾನೆ, ಮತ್ತೆ ನಗುತ್ತಾನೆ. ಅದು ಯಾರ ನಗು ಎಂದು ಹೇಳಬೇಕಾಗಿಲ್ಲ.

ಸುನಂದಾ ಪೂರ್ತಿ ಕೇಳಿ, ಮೇಷ್ಟರ ಮುಖ ಮಾಡಿಕೊಂಡು ಅಂದಳು: ‘ಅಳಸಬೇಕಂದ್ರ ಈ ನಗೋ ದನಿ ಅಷ್ಟ ಅಳಸಬೇಕ್ರಿ. ಪದ ಛಲೋ ಐತಿ.’