ನೀರು ತೋರಿಸಬಾರದ ಬಿಲ್ಲು

ಗೊತ್ತಿದ್ದೂ ತಪ್ಪು ಮಾಡುವುದರಲ್ಲಿ ನಮ್ಮಂಥ ಮೇಷ್ಟ್ರುಗಳಿಗೇ ಮೊದಲ ಬಹುಮಾನ ಎಂದು ನನ್ನ ಹೆಂಡತಿ ಸುಮಿತ್ರೆ ಆಗಾಗ ಹೇಳುತ್ತಾಳೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು ಇದನ್ನು ಒಪ್ಪುತ್ತಿರಲಿಲ್ಲ, ರವೀಂದ್ರನಗರದ ನಮ್ಮ ಮನೆಗೆ ಕೊಂಬಿನ ಬಿಲ್ಲೊಂದು ಬರುವವರೆಗೆ.

ಅದನ್ನು ಮಾಡಿದವರು ಭದ್ರಾವತಿಯ ಸೆಲ್ವರಾಜ್, ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರ್. ನಡುವೆ ಮರ, ಒಳಮೈಗೆ ಎಮ್ಮೆ ಕೊಂಬಿನ ಪಟ್ಟಿ, ಬೆನ್ನಿಗೆ ಪ್ರಾಣಿಯ ನರ. ಎಲ್ಲವನ್ನೂ ಹಿಡಿದಿಟ್ಟಿರುವುದು ಚರ್ಮ ಬೇಯಿಸಿ ತೆಗೆದ ಅಂಟು. ಎರಡು ವರ್ಷದ ಕೆಲಸ. ನಾನು ಬೆನ್ನು ಬಿದ್ದು ಕೇಳಿದ್ದಕ್ಕೆ ಕೊಟ್ಟರು. "ಸಾರ್, ನೀರು ಮಾತ್ರ ತೋರಿಸ್ಬೇಡಿ. ಅಂಟು ಬಿಟ್ರೆ ವಾಪಸ್ ತಗೊಂಡು ಹೋಗ್ತೀನಿ, ಬೇಜಾರ್ ಮಾಡ್ಕೋಬಾರ್ದು" ಎಂದರು. ತೇವಾಂಶದ ಬಗ್ಗೆ ನಾನೇ ಅವರಿಗೆ ಹತ್ತು ನಿಮಿಷ ಪಾಠ ಮಾಡಿದೆ. ಪಾಪ, ಕೇಳಿಸಿಕೊಂಡರು.

ಹೆದೆ ಏರಿಸುವ ಗೋಳಂತೂ ಕೇಳಲೇಬೇಡಿ. ಹೆದೆ ಬಿಚ್ಚಿದ ಕೂಡಲೇ ಈ ಬಿಲ್ಲು ಮುನಿಸಿಕೊಂಡು ಹಿಂದಕ್ಕೆ ಬಾಗುತ್ತದೆ. ಹದವಾಗಿ ಬಿಸಿ ತೋರಿಸಿ, ಮಂಡಿಗೆ ಒತ್ತಿ ಮುಂದಕ್ಕೆ ಬಗ್ಗಿಸಬೇಕು. ಆಗ ಸುಮಿತ್ರೆ ಹೆದೆಯ ಕುಣಿಕೆ ತೊಡಿಸಬೇಕು. "ಬೇಗ ಬಗ್ಸಿ ಮಾರಾಯ್ರೆ, ಒಲೆ ಮೇಲೆ ಸಾರಿದೆ" ಎನ್ನುತ್ತಾಳೆ. ಬಿಲ್ಲಿಗಿಂತ ಮೊದಲು ನನ್ನ ಸೊಂಟ ಬಗ್ಗುತ್ತದೆ.

ಬಂದವರಿಗೆಲ್ಲ ಕಾಣಲೆಂದು ಅದನ್ನು ಹಾಲಿನ ಗೋಡೆಗೆ ನೇತುಹಾಕಿದ್ದೆ. ಮಳೆಗಾಲದಲ್ಲಿ ಗೋಡೆ ಬೂಸ್ಟು ಹಿಡಿದದ್ದು ನೋಡಿ ಸುಮಿತ್ರೆ ನನ್ನನ್ನು ಕೇಳದೆ ಬಿಲ್ಲನ್ನು ಅಡುಗೆಮನೆಯ ಅಟ್ಟಕ್ಕೆ, ಹಪ್ಪಳದ ಡಬ್ಬದ ಪಕ್ಕಕ್ಕೆ ಸಾಗಿಸಿದಳು. ನನಗೆ ಮೈಯೆಲ್ಲ ಉರಿಯಿತು. ಎರಡು ದಿನ ಮಾತು ಬಿಟ್ಟೆ.

ಆಯುಧಪೂಜೆ ಬಂತು. ಸೆಲ್ವರಾಜ್ ಮಧ್ಯಾಹ್ನ ಊಟಕ್ಕೆ ಬರುವವರಿದ್ದರು. ಬೆಳಿಗ್ಗೆ ಅಂಗಳದಲ್ಲಿ ಸ್ಕೂಟರ್ ತೊಳೆದೆ, ಸೈಕಲ್ ತೊಳೆದೆ, ಈಳಿಗೆಮಣೆ ತೊಳೆದೆ. ತೊಳೆಯದ ಆಯುಧಕ್ಕೆ ಯಾರಾದರೂ ಕುಂಕುಮ ಇಡುತ್ತಾರೆಯೇ? ಅಟ್ಟದಿಂದ ಬಿಲ್ಲನ್ನು ಇಳಿಸಿ, ಅದೇ ಭಕ್ತಿಯಲ್ಲಿ, ಶಾಂಪೂ ಹಾಕಿ ತಿಕ್ಕಿ ಪೈಪು ಹಿಡಿದೆ. ಅಡುಗೆಮನೆಯ ಜಿಡ್ಡು ಬೇರೆ ಇತ್ತಲ್ಲ. ಅಷ್ಟು ನೊರೆ ಬಂದರೂ ನನ್ನ ವಿಜ್ಞಾನ ತುಟಿ ಬಿಚ್ಚಲಿಲ್ಲ.

ಮಧ್ಯಾಹ್ನ ಸೆಲ್ವರಾಜ್ ಬಿಲ್ಲನ್ನು ಮುಟ್ಟಿದರು. ಅದರ ಬೆನ್ನು ನೆನೆಸಿದ ಅವಲಕ್ಕಿಯಂತೆ ಉಬ್ಬಿತ್ತು, ಕೊಂಬಿನ ಪಟ್ಟಿ ತುದಿಯಲ್ಲಿ ಎದ್ದಿತ್ತು.

"ತೊಳೆದ್ರಾ ಸಾರ್?"

ನಾನು ಸುಮಿತ್ರೆಯ ಕಡೆ ನೋಡಿದೆ. ಅವಳು ಪೈಪಿನ ಕಡೆ ನೋಡಿದಳು.

"ಮಳೆಗಾಲದಲ್ಲಿ ಎಲ್ಲಿಟ್ಟಿದ್ರಿ?"

"ಅಟ್ಟದ ಮೇಲೆ, ಒಲೆ ಬಿಸಿ ತಾಗೋ ಕಡೆ" ಎಂದಳು ಸುಮಿತ್ರೆ.

"ಅದಕ್ಕೇ ಇಷ್ಟು ದಿನ ಉಳೀತಮ್ಮ" ಎಂದು ಬಿಲ್ಲನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಭದ್ರಾವತಿ ಬಸ್ಸು ಹತ್ತಿದರು. ನನಗೆ ನಿಜವಾಗಿಯೂ ಅಳು ಬಂತು.

ಬೇಸಿಗೆ ಮುಗಿಯುವ ಹೊತ್ತಿಗೆ ಬಿಲ್ಲು ರಿಪೇರಿಯಾಗಿ ಬಂತು. ನಾನು ಕೈ ಚಾಚಿದೆ. ಸೆಲ್ವರಾಜ್ ಅದನ್ನು ಸುಮಿತ್ರೆಗೆ ಕೊಟ್ಟು, "ಅಮ್ಮನ ಹತ್ರಾನೇ ಇರ್ಲಿ ಸಾರ್" ಎಂದರು. ಈಗ ಬಿಲ್ಲು ಬೇಕೆಂದರೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಬೇಕು. ಅವಳು ಮೊದಲು ಟವೆಲ್ ಕೊಡುತ್ತಾಳೆ. ಶಾಲೆಯಲ್ಲಿ ಮಕ್ಕಳ ಕೈ ಉಗುರು ಪರೀಕ್ಷೆ ಮಾಡುವ ನಾನು, ಮನೆಯಲ್ಲಿ ಎರಡೂ ಕೈ ಒರೆಸಿ, ತಿರುಗಿಸಿ ತೋರಿಸುತ್ತೇನೆ.