ಅತ್ತಿಯ ಇಟಾಲಿಯನ್ ಮತ್ತು ಬಿಸ್ಕೀಟಿನ ಡಬ್ಬಿ

ನಮ್ಮ ಅತ್ತಿಯ ಮನೆಗೆ ಕಳ್ಳ ನುಗ್ಗಿದರೆ ಅವನೂ ಬರಿಗೈಲಿ ಹೋಗಲಾರ! ಅದು ಅವನ ಕೈಚಳಕ ಅಂದುಕೊಳ್ಳಬೇಡಿ. ಅತ್ತಿ ಅವನನ್ನು ಬಾಗಿಲಲ್ಲಿ ತಡೆದು, ಚೀಲ ಬಿಚ್ಚಿಸಿ, ನಾಲ್ಕು ಶೇಂಗಾ ಹೋಳಿಗೆ ಹಾಕಿಯೇ ಬೀಳ್ಕೊಡುತ್ತಾಳೆ.

ನಮ್ಮಪ್ಪನ ಈ ತಂಗಿ ಇರುವುದು ಶಹಾಬಾದಿನಲ್ಲಿ. ಖಾಲಿ ಡಬ್ಬಿ ತಿರುಗಿ ಕೊಡಬಾರದು ಎಂಬ ಪದ್ಧತಿ ಎಲ್ಲರ ಮನೆಯಲ್ಲೂ ಉಂಟು. ಆದರೆ ಅತ್ತಿಗೆ ಅದು ಪದ್ಧತಿಯಲ್ಲ, ಕಾಯಿಲೆ! ಪಕ್ಕದ ಮನೆಯ ಒಂದು ಸ್ಟೀಲ್ ಬಟ್ಟಲು ಎಷ್ಟೋ ವರ್ಷದಿಂದ ಎರಡು ಮನೆಗಳ ನಡುವೆ ಓಡಾಡುತ್ತಿದೆ. ಒಮ್ಮೆ ಚಟ್ನಿಪುಡಿ, ಒಮ್ಮೆ ಪುಂಡಿಪಲ್ಯ. ಅದು ಮೂಲತಃ ಯಾರದೆಂದು ಇಬ್ಬರಿಗೂ ನೆನಪಿಲ್ಲ. ನಲ್ಲಿ ರಿಪೇರಿಯವನು ಮರೆತುಹೋದ ಬಕೀಟನ್ನೂ ಅತ್ತಿ ಚುರುಮುರಿ ತುಂಬಿ ಕಳಿಸಿದ್ದಳು. ಪಾಪ, ಆತ ಒಂದು ವಾರ ನಮ್ಮ ಓಣಿಗೇ ಕಾಲಿಡಲಿಲ್ಲ.

ಇಂಥ ಮನೆಗೆ ನಾನು ಬಂದದ್ದು ಡಿಗ್ರಿಯ ಕೊನೆಯ ವರ್ಷದಲ್ಲಿ ಎರಡು ವಿಷಯಗಳಲ್ಲಿ ಮೂರನೇ ಸಲ ಫೇಲಾದ ಮೇಲೆ. ಸೇಡಂನಿಂದ ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಇವನ ತಲಿ ಖಾಲಿ ಡಬ್ಬಿ ಅದ. ಸ್ವಲ್ಪ ದಿನ ನೀನರ ಇಟಗೋ ತಂಗಿ, ನನ್ನ ಕಣ್ಣಮುಂದ ಬ್ಯಾಡ.”

ಆಗ ಅತ್ತಿಯ ಮಾಳಿಗೆ ಮೇಲಿನ ಖೋಲಿಯಲ್ಲಿ ಇಟಲಿಯ ಫಿಟ್ಟರ್ ಒಬ್ಬ ಬಾಡಿಗೆಗಿದ್ದ. ಊರಿನ ಒಂದು ಕಲ್ಲು ಪಾಲಿಶ್ ಕಾರ್ಖಾನೆಗೆ ಹೊಸ ಮಷೀನು ಕೂಡಿಸಲು ಬಂದವನು. ಮುರುಕು ಹಿಂದಿ, ಅಖಂಡ ಹಸಿವು. ಅತ್ತಿ ಎರಡು ತಿಂಗಳು ರೊಟ್ಟಿ ಬಡಿದು ಹಾಕಿದಳು. ನಡುವೆ ಇಟಲಿಗೆ ಹೋಗಿ ಬಂದವನು ಕೈಯಲ್ಲಿ ಒಂದು ಡಬ್ಬಿ ಹಿಡಿದು ನಿಂತ: “ಮಾ ಭೇಜಾ. ಆಪ್ ಕೇ ಲಿಯೇ.” ಮಗನಿಗೆ ಉಣ್ಣಲು ಕೊಟ್ಟ ಹೆಂಗಸಿಗೆಂದು ಅವನ ಮುದಿ ತಾಯಿ ಕೈಯಾರೆ ಸುಟ್ಟ ಬಿಸ್ಕೀಟು!

ಬಿಸ್ಕೀಟು ಎರಡು ದಿನದಲ್ಲಿ ಖಾಲಿ. ಅಪರಾಧಿ ನಾನೇ. ಡಬ್ಬಿ ಮಾತ್ರ ಅತ್ತಿಯ ಎದೆಯ ಮೇಲೆ ಕುಳಿತುಬಿಟ್ಟಿತು.

“ಮುಂದಿನ ತಿಂಗಳ ಅಂವ ಹೋಗ್ತಾನ. ಹೋಳಿಗಿ ತುಂಬಿ ಕೊಡ್ತೀನಿ. ಆದ್ರ ಅದಕ್ಕ ಮೊದಲ ಆ ಅವ್ವನ ಜೋಡಿ ಆಕಿ ಮಾತಿನ್ಯಾಗೇ ಮಾತಾಡಬೇಕು ನೋಡು.”

“ಫಿಟ್ಟರನೇ ಹೇಳ್ತಾನ ಬಿಡ ಅತ್ತಿ.”

“ಡಬ್ಬಿ ಕೊಟ್ಟಾಕಿ ಆಕಿ, ಇಸಗೊಂಡಾಕಿ ನಾ. ನಡುವ ಗಂಡಸರ ಬಾಯಿ ಯಾಕ?”

ಆಗ ನನ್ನ ನಾಲಿಗೆ ಜಾರಿತು. “ನನಗ ಇಟಾಲಿಯನ್ ಬರ್ತದ,” ಅಂದುಬಿಟ್ಟೆ! ಬರುವುದೇನು? ಮೊಬೈಲಿನಲ್ಲಿ ಹದಿನೈದು ದಿನ ಭಾಷೆ ಕಲಿಸುವ ಆಟವಾಡಿ ‘ಬೆಕ್ಕು ಹಾಲು ಕುಡಿಯುತ್ತದೆ’ ಎಂಬಲ್ಲಿಗೆ ನಿಲ್ಲಿಸಿದ್ದೆ. ಮರುದಿನದಿಂದ ಅತ್ತಿ ನನ್ನನ್ನು “ಮಾಸ್ತರ” ಅನ್ನತೊಡಗಿದಳು.

ಅತ್ತಿಗೆ ಬೇಕಾದದ್ದು ಒಂದೇ ವಾಕ್ಯ: ನಿಮಗೆ ಅದನ್ನು ಕಳಿಸುತ್ತಿದ್ದೇನೆ. ಆದರೆ ಇಟಲಿಯವರು ‘ನಿಮಗೆ’ಯನ್ನೂ ‘ಅದನ್ನು’ವನ್ನೂ ಒಂದೊಂದು ಚೂರು ಮಾಡಿ, ಜೋಡಿಸಿ, ಕ್ರಿಯಾಪದದ ಮುಂದೆ ಕೂಡಿಸುತ್ತಾರೆ.

“ಯಾರಿಗಂತ ಹೆಸರ ಹೇಳಂಗಿಲ್ಲ, ಏನಂತ ಹೇಳಂಗಿಲ್ಲ,” ಅತ್ತಿ ಕೆರಳಿದಳು. “ಮತ್ತ ಡಬ್ಬಿ ಹೆಂಗ ಮುಟ್ಟತದೋ ಮಾಸ್ತರ?”

ನಾನು ಗಂಭೀರವಾಗಿ “ಮೇ ಲಾ ಮಾಂದೋ” ಎಂದು ಹೇಳಿಕೊಟ್ಟೆ. ಅತ್ತಿ ಅದನ್ನು ಊರ ಮೇಲೆಲ್ಲ ಪ್ರಯೋಗಿಸಿದಳು. ಬಟ್ಟಲು ಕೊಡುವಾಗ ಪಕ್ಕದ ಮನೆಯವಳಿಗೆ, ಹಾಲಿನ ತಂಬಿಗೆ ಕೊಡುವಾಗ ಎಮ್ಮೆಯವರಿಗೆ. ಸೇಡಂ ಬಸ್ಸಿನಲ್ಲಿ ಅಪ್ಪನಿಗೆ ಉಪ್ಪಿನಕಾಯಿ ಕಳಿಸುವಾಗ ಕಂಡಕ್ಟರನಿಗೂ ಅದೇ ಮಂತ್ರ.

“ವಾಡಿ ಅದ, ಚಿತ್ತಾಪುರ ಅದ,” ಆತ ತಲೆ ಕೆರೆದುಕೊಂಡ. “ಮಾಂದೋ ಅನ್ನೋ ಸ್ಟಾಪ ನಮ್ಮ ರೂಟಿನ್ಯಾಗ ಇಲ್ಲರಿ ಅಕ್ಕೋರ!”

ಎರಡು ವಾರವಾದ ಮೇಲೆ ಇಟಾಲಿಯನ್ ಕಲಿಸುವ ಪುಸ್ತಕವೊಂದನ್ನು ತರಿಸಿ ನೋಡಿದೆ. ನಾನು ಕಲಿಸಿದ್ದರ ಅರ್ಥ, ‘ನನಗೆ ನಾನೇ ಅದನ್ನು ಕಳಿಸಿಕೊಳ್ಳುತ್ತಿದ್ದೇನೆ’! ದೊಡ್ಡವರಿಗೆ ಮರ್ಯಾದೆಯಿಂದ ಹೇಳಬೇಕಾದರೆ “ಲ್ಯೇಲಾ ಮಾಂದೋ” ಅನ್ನಬೇಕಿತ್ತು. ತಲೆತಗ್ಗಿಸಿ ಒಪ್ಪಿಕೊಂಡೆ.

ಅತ್ತಿ ಬಯ್ಯಲಿಲ್ಲ, ಬಿದ್ದುಬಿದ್ದು ನಕ್ಕಳು. “ಅದಕ್ಕೇ ನೋಡು, ನಾ ಕಳಿಸಿದ್ದೆಲ್ಲ ತಿರುಗಿ ನನ್ನ ಮನಿಗೇ ಬರಾಕತ್ತದ!”

ಅಂದಿನಿಂದ ಪುಸ್ತಕ ಅವಳ ಕೈಗೆ ಹೋಯಿತು. ರೊಟ್ಟಿ ಬಡಿಯುವ ತಾಳಕ್ಕೆ ಮೇ ಲಾ, ತೇ ಲಾ, ಲ್ಯೇಲಾ. ಅರ್ಥ ಬಿಡಿಸಿ ಒಪ್ಪಿಸು ಎಂದು ನನಗೇ ಹೇಳುತ್ತಿದ್ದವಳು ಈಗ ಅವಳು. ತಪ್ಪಿದರೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಶಿಕ್ಷೆ. ಹಾಗೆ ಇಡೀ ವರ್ಷದ ಖಾರ ನನ್ನಿಂದಲೇ ಆಯಿತು.

ಫಿಟ್ಟರ್ ಹೊರಡುವ ಬೆಳಿಗ್ಗೆ ವಿಡಿಯೋ ಕಾಲ್ ಹಚ್ಚಿದ. ಪರದೆಯಲ್ಲಿ ಬಿಳಿಗೂದಲಿನ ಅಜ್ಜಿ. ಅತ್ತಿ ಇಳಕಲ್ ಸೀರೆ ಉಟ್ಟು, ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟು ಕುಳಿತಿದ್ದಳು. ಬಾಯಿ ತೆರೆದಳು. ನನ್ನ ಕಡೆ ತಿರುಗಿದಳು. ನಾನು ಪಿಸುದನಿಯಲ್ಲಿ ಮತ್ತದೇ ಹಳೇ ತಪ್ಪು, “ಮೇ ಲಾ…” ಅಂದೆ. ಅತ್ತಿ ನನ್ನ ತೊಡೆ ಚಿವುಟಿದಳು. ಆ ಸಿಟ್ಟಿನಲ್ಲೇ ಮಾತು ಹೊರಬಂತು:

“ಸಿನ್ಯೋರಾ, ಲ್ಯೇಲಾ ಮಾಂದೋ!” ಆಮೇಲೆ ಮುಚ್ಚಳ ತೆಗೆದು ಹೋಳಿಗೆ ತೋರಿಸಿ, “ಖಾಲಿ ಇಲ್ಲರಿ ಯವ್ವಾ, ನೋಡ್ರಿ!”

ಅಜ್ಜಿ ಎರಡೂ ಕೈ ಕೆನ್ನೆಗಿಟ್ಟುಕೊಂಡು ನಕ್ಕಳು, ಕಣ್ಣೊರೆಸಿಕೊಂಡಳು. ಯಾರು ಕಲಿಸಿದರು ಅಂತ ಕೇಳುತ್ತಿದ್ದಾಳೆ ಎಂದು ಫಿಟ್ಟರ್ ಹೇಳಿದ. ಅತ್ತಿ ನನ್ನ ಅಂಗಿ ಹಿಡಿದು ಪರದೆಯ ಮುಂದೆ ಎಳೆದಳು.

“ಮೇ ಲಾ ಇನ್ಸೆನ್ಯಾತೋ ಲೂಯಿ.”

ಅಂದರೆ, ಅದನ್ನು ನನಗೆ ಕಲಿಸಿದವನು ಇವನೇ! ಆ ವಾಕ್ಯವನ್ನು ನಾನು ಖಂಡಿತ ಕಲಿಸಿರಲಿಲ್ಲ.

ಮರುವಾರ ನನ್ನ ಪರೀಕ್ಷೆ. ಸೇಡಂ ಬಸ್ಸಿಗೆ ಹತ್ತಿಸಲು ಅತ್ತಿ ಬಂದಳು. ಕೇಳಿಯೇಬಿಟ್ಟೆ: “ಅವತ್ತ ಸುಳ್ಳ ಯಾಕ ಹೇಳಿದಿ ಅತ್ತಿ? ನಾ ಕಲಿಸಿದ್ದೆಲ್ಲ ತಪ್ಪ ಇತ್ತು.”

“ತಪ್ಪ ಕಲಿಸಿದಿ, ತಪ್ಪಂತ ನೀನೇ ಬಂದ ಹೇಳಿದಿ. ಆಮ್ಯಾಲ ನನ್ನ ಜೋಡಿ ದಿನಾ ಕುಂತು ಓದಿದಿ. ಮತ್ತೇನು ಬೇಕು?”

ಅದೇ ಕಂಡಕ್ಟರ್. ಅಭ್ಯಾಸಬಲದಿಂದ ಕೈಚಾಚಿದ: “ಡಬ್ಬಿ ಕೊಡ್ರಿ ಅಕ್ಕೋರ.”

ಅತ್ತಿ ನನ್ನ ಹೆಗಲ ಮೇಲೆ ಕೈಯಿಟ್ಟು ಮುಂದೆ ತಳ್ಳಿದಳು. “ಈ ಸಲ ಡಬ್ಬಿ ಇವನೇ. ನಮ್ಮ ಅಣ್ಣನ ಕೈಗೇ ಮುಟ್ಟಸು. ಖಾಲಿ ಕಳಿಸಿಲ್ಲಂತ ಹೇಳು.”

ಬಸ್ಸು ಹೊರಟಿತು. ನಾನು ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಕುಳಿತೆ. ತೆರೆದಿದ್ದರೆ ವಾಡಿ ಬರುವ ಮೊದಲೇ ಎಲ್ಲ ಚೆಲ್ಲಿಹೋಗುತ್ತಿತ್ತು.