ಪುಕ್ಕಟೆ ಕ್ಲಾಸಿನ ಸೊಕ್ಕಿನ ಹುಡುಗಿ

ಕುಂಭಾರಿಯಲ್ಲಿ ಬಸ್ ಹತ್ತಿ ಗುರುತಿಲ್ಲದ ಹೆಂಗಸಿನ ಪಕ್ಕ ಕುಳಿತರೆ, ಸೋಲಾಪುರ ಸ್ಟ್ಯಾಂಡ್ ಬರುವುದರೊಳಗೆ ನಿಮ್ಮ ತವರು ಯಾವುದು, ಮಕ್ಕಳೆಷ್ಟು, ಮನೆದೇವರು ಯಾರು, ನಿಮಗೂ ನಿಮ್ಮ ನೆಗೆಣ್ಣಿಗೂ ಯಾಕೆ ಮಾತಿಲ್ಲ ಎಂಬುದೆಲ್ಲ ಆಕೆಗೆ ತಿಳಿದಿರುತ್ತದೆ. ಇಂಥ ಊರಲ್ಲಿದ್ದುಕೊಂಡು ನಾನು, ನಾನು ಯಾರೆಂದು ಯಾರಿಗೂ ತಿಳಿಯದಂತೆ ಮೊಬೈಲಿನಲ್ಲಿ ಕಲಿಯಲು ಹೊರಟೆ. ಹಾಗಾಗಿ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ.

ನಾನು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಸೋಲಾಪುರದ ಅಂಗಡಿಗಳಿಗೆ ಕೊಡುವವಳು. ರೊಟ್ಟಿ ನನ್ನದು, ಮೇಲಿನ ಚೀಟಿ ಅಂಗಡಿಯವರದು. ನನ್ನದೇ ಚೀಟಿ ಅಂಟಿಸಬೇಕೆಂದು ಆಸೆ. ಹುಡುಕಿದಾಗ ಜಿಲ್ಲೆಯ ಹೆಂಗಸರಿಗೆ ಪ್ಯಾಕಿಂಗ್ ಕಲಿಸುವ ಒಂದು ಪುಕ್ಕಟೆ ಆನ್‌ಲೈನ್ ಕ್ಲಾಸ್ ಸಿಕ್ಕಿತು. ಸಾಲಿ ಬಿಟ್ಟ ಮೇಲೆ ಯಾರೂ ನನ್ನನ್ನು ಕೂರಿಸಿಕೊಂಡು ಏನನ್ನೂ ಕಲಿಸಿರಲಿಲ್ಲ. ನನಗದು ಬೇಕೇ ಬೇಕಿತ್ತು.

ನಮ್ಮ ಮನೆಯವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. "ಹಾಲಿನ ಬಿಲ್ಲು, ಬ್ಯಾಂಕು, ಗ್ಯಾಸು ಎಲ್ಲಾ ಇದೇ ನಂಬರಿಗಿ ಅದಾವ. ಒಂದ್ ಖೊಟ್ಟಿ ಫೋನ್ ಬಂತಂದ್ರ ಅವತ್ತೇ ಕ್ಲಾಸ್ ಬಂದ್."

ನಾದಿನಿ ಸೋಲಾಪುರದಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳು ಕಟ್ಟುನಿಟ್ಟಿನ ನಿಯಮ ಹಾಕಿಕೊಟ್ಟಳು. "ವೈನಿ, ಈಗಿನ ಹೆಸರು ಕೊಡಬ್ಯಾಡ್ರಿ, ಹುಟ್ಟಿದ ತಾರೀಖ ಕೊಡಬ್ಯಾಡ್ರಿ, ಮಾರಿ ತೋರಸಬ್ಯಾಡ್ರಿ. ಮೈಕ್ ಬಂದ್ ಇರ್ಲಿ. ಓಟಿಪಿ ಅಂತೂ ದೇವರು ಬಂದು ಕೇಳಿದ್ರೂ ಹೇಳಬ್ಯಾಡ್ರಿ."

1. ಓ ಅನ್ನದಾಕೆ

ಸುಳ್ಳು ಹೆಸರು ಕೊಡಲು ಮನಸ್ಸು ಬರಲಿಲ್ಲ, ತವರಿನಲ್ಲಿಟ್ಟ ಹೆಸರು ಕೊಟ್ಟೆ. ಹಾಗೆಂದು ನಮ್ಮ ಮನೆಯವರಿಗಷ್ಟೇ ಹೇಳಿದ್ದೆ. ಲಗ್ನದ ದಿನ ಅಕ್ಕಿಯಲ್ಲಿ ಹೊಸ ಹೆಸರು ಬರೆಸಿದ ಮೇಲೆ ಹಳೆಯದನ್ನು ಕರೆಯುವವಳು ಅಕ್ಕಲಕೋಟದಲ್ಲಿರುವ ನನ್ನ ಅವ್ವ ಒಬ್ಬಳೇ. ಅದನ್ನು ಇಲ್ಲಿಯೂ ಬರೆಯುವುದಿಲ್ಲ. ನಾದಿನಿಗೆ ಕನ್ನಡ ಓದಲು ಬಾರದು, ಆದರೂ ಹೆದರಿಕೆ.

ಮೇಡಂ ದಿನಾ ಹಾಜರಿ ಕರೆಯುತ್ತಿದ್ದರು. ಉಳಿದವರೆಲ್ಲ ಬಾಯಿಬಿಟ್ಟು ಹೇಳುತ್ತಿದ್ದರು. ನನ್ನ ಮೈಕ್ ಬಂದ್ ಇದ್ದದ್ದರಿಂದ ನಾನು 'ಹಾಜರ್' ಎಂದು ಬೆರಳಿನಿಂದ ಒತ್ತುತ್ತಿದ್ದೆ. ಎದುರಿಗೆ ಕುಳಿತು ಶೇಂಗಾ ಹಸನು ಮಾಡುತ್ತಿದ್ದ ಅತ್ತೆಗೆ ಮೇಡಂ ಕರೆಯುವುದಷ್ಟೇ ಕೇಳುತ್ತಿತ್ತು.

ಒಂದು ವಾರ ತಡೆದುಕೊಂಡರು. ಆಮೇಲೆ ಕೇಳಿದರು, "ಎಲ್ಲಾರೂ ಓ ಅಂತಾರ, ಆ ಒಬ್ಬಾಕಿ ಯಾಕ ಅನ್ನಂಗಿಲ್ಲ? ಮೇಡಂ ದಿನಾ ಕರದ್ರೂ ಬಾಯಿ ಬಿಡಂಗಿಲ್ಲ. ಎಷ್ಟ್ ಸೊಕ್ಕು ಆ ಹುಡುಗೀಗಿ."

ಆ ಹೆಸರನ್ನು ಬದಲಿಸಿದವರೇ ಅತ್ತೆ. ಮರೆತೇಬಿಟ್ಟಿದ್ದರು. ನಾನು ಯಾಕೆ ನೆನಪಿಸಲಿ, "ಯಾರೋ ಏನೋ ಅತ್ತಿ" ಎಂದೆ.

ಅತ್ತೆ ಮೊರ ಕೊಡವಿದರು. "ಇಂಥಾಕಿ ಯಾರ್ದರೆ ಮನಿಗಿ ಸೊಸಿಯಾಗಿ ಹೋದ್ರ, ಆ ಅತ್ತಿ ಗತಿ ಏನು."

2. ಹೊಸ ಮಂತ್ರ

ಪಾಸ್‌ವರ್ಡ್ ಯಾರಿಗೂ ಹೊಳೆಯಬಾರದು ಎಂದಿದ್ದಳು ನಾದಿನಿ. ಎಮ್ಮೆಯ ಹೆಸರು ಇಡೋಣವೆಂದರೆ ಅದನ್ನು ದಿನಾ ಬೆಳಿಗ್ಗೆ ಓಣಿಗೆಲ್ಲ ಕೇಳುವಂತೆ ಕೂಗಿ ಕರೆಯುತ್ತೇವೆ. ಕೊನೆಗೆ ಅವಳೇ ಅರ್ಥವಿಲ್ಲದ ಒಂದು ಉದ್ದನೆಯ ಪಾಸ್‌ವರ್ಡ್ ಮಾಡಿಕೊಟ್ಟು, "ಎಲ್ಲೂ ಬರದಿಡಬ್ಯಾಡ್ರಿ, ಬಾಯಿಪಾಠ ಮಾಡ್ರಿ" ಎಂದಳು.

ನಾನು ಬೆಳಗಿನ ರೊಟ್ಟಿ ಬಡಿಯುತ್ತ ಅದನ್ನೇ ಮಣಮಣ ಹೇಳಿಕೊಳ್ಳುತ್ತಿದ್ದೆ. ಬಾಜೂ ಮನೆಯಾಕೆ ಮಜ್ಜಿಗೆಗೆ ಬಂದಾಗ ಕೇಳಿಸಿಕೊಂಡಳಂತೆ. ನಾಲ್ಕು ದಿನವಾದ ಮೇಲೆ ನೋಡಿದರೆ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕುಳಿತು ನನ್ನ ಪಾಸ್‌ವರ್ಡನ್ನು ಜಪಿಸುತ್ತಿದ್ದಾಳೆ.

"ಇದೇನ್ರೀ?" ಎಂದೆ.

"ನಿಮಗ ಈ ಮಂತ್ರ ಯಾವ ಮಠದ ಮಹಾರಾಜರು ಕೊಟ್ಟಾರೋ ಏನೋ," ಎಂದಳು. "ಇದನ್ನ ಹೇಳಾಕ ಹತ್ತಿದ ಮ್ಯಾಗ ನಿಮ್ಮ ರೊಟ್ಟಿ ಭಾಳ ಖಪಾಕತ್ಯಾವ, ಅಂಗಡ್ಯಾಗ ಒಂದೂ ಉಳಿಯವಲ್ದು. ನನಗಷ್ಟ ಹೇಳಲಿಲ್ಲ ನೋಡ್ರಿ."

ನಾನು ಅವತ್ತೇ ಪಾಸ್‌ವರ್ಡ್ ಬದಲಿಸಿದೆ. ಅವಳು ಬದಲಿಸಿಲ್ಲ. ಮೊಣಕಾಲು ನೋವು ಅರ್ಧ ಕಡಿಮೆಯಾಗಿದೆಯಂತೆ.

3. ಪಡದೆ

ಒಂದು ದಿನ ಮೇಡಂ, ಎಲ್ಲರೂ ತಂತಮ್ಮ ಮಾಲು ಕ್ಯಾಮೆರಾದಲ್ಲಿ ತೋರಿಸಿ ಎಂದರು. ಮನೆ ಕಾಣಬಾರದು, ಮಾರಿ ಕಾಣಬಾರದು. ಟ್ರಂಕಿನ ತಳದಲ್ಲಿ ಮಡಿಕೆ ಬಿಚ್ಚದೆ ಬಿದ್ದಿದ್ದ ಒಂದು ಗಿಳಿ ಹಸಿರು ಸೀರೆಯನ್ನು ಹಿಂದೆ ಕಟ್ಟಿ, ಮುಂದೆ ರೊಟ್ಟಿ ಪೇರಿಸಿ, ಕ್ಯಾಮೆರಾ ಹಚ್ಚಿದೆ. ಮೇಡಂ ಪಾಪ ರೊಟ್ಟಿ ಚೆನ್ನಾಗಿದೆ ಎನ್ನುತ್ತಿದ್ದರು. ನಡುವೆ ಯಾರದೋ ಮೈಕ್ ಶುರುವಾಯಿತು.

"ವೈನಿ, ನೀವೇ ಅಲ್ರಿ ಇದು? ನಿಮ್ಮ ವಾಸ್ತುಶಾಂತಿಗಿ ನಾ ಆಯೇರಿ ಮಾಡಿದ ಸೀರಿ ಅದು."

ಕಂದಲಗಾಂವದಲ್ಲಿರುವ ನಮ್ಮ ಮನೆಯವರ ಕಾಕನ ಮಗಳು. ಅವಳೂ ಇದೇ ಕ್ಲಾಸಿನಲ್ಲಿದ್ದಾಳೆಂದು ನನಗೇನು ಗೊತ್ತು.

"ಉಡಲಿಕ್ಕರೆ ಉಡಬ್ಯಾಡ್ರಿ," ಎಂದಳು. "ಪಡದೆ ಮಾಡೂದೇನ್ರಿ?"

ನಾನು ಏನು ಹೇಳಬೇಕೆಂದು ಮೈಕ್ ಹುಡುಕುತ್ತಿದ್ದಂತೆ ಹೋಟಗಿಯಿಂದ ಇನ್ನೊಂದು ದನಿ ಬಂತು. "ತಡೀರಿ ಅಕ್ಕಾರ. ಅದು ನಾ ನಿಮಗ ಕುಬಸದಾಗ ಕೊಟ್ಟ ಸೀರಿ ಅಲ್ಲಾ?"

ಕಂದಲಗಾಂವದ ಮೈಕ್ ತಟ್ಟನೆ ಬಂದಾಯಿತು. ಮೇಡಂ, ನೆಟ್‌ವರ್ಕ್ ಸರಿಯಿಲ್ಲ, ಎಲ್ಲರೂ ಕ್ಯಾಮೆರಾ ಮುಚ್ಚಿರಿ ಎಂದರು.

ಮರುದಿನ ಕಂದಲಗಾಂವದಾಕೆ ಸಿಟ್ಟು ಮರೆತು, ನನಗೆ ಒಳ್ಳೆಯದಾಗಲೆಂದು ಕ್ಲಾಸಿನ ಗ್ರೂಪಿನಲ್ಲಿ, 'ಚಲೋ ರೊಟ್ಟಿ ಬೇಕಾದರೆ ನಮ್ಮ ವೈನಿಗೆ ಫೋನ್ ಹಚ್ಚಿರಿ' ಎಂದು ನನ್ನ ಮೊಬೈಲ್ ನಂಬರನ್ನೇ ಹಾಕಿದಳು. ನಾನು ಅಷ್ಟು ದಿನ ಜೋಪಾನ ಮಾಡಿದ್ದನ್ನು ಅವಳು ಪ್ರೀತಿಯಿಂದ ಒಂದೇ ಏಟಿಗೆ ಮುಗಿಸಿದಳು.

4. ಹೇಳಬಾರದ ಹೆಸರು

ಮೊದಲು ರೊಟ್ಟಿ ಕೇಳುವ ಫೋನು ಬಂದವು. ಒಂದು ಮಧ್ಯಾಹ್ನ ನನ್ನ ಕೈ ಹಿಟ್ಟಿನಲ್ಲಿದ್ದಾಗ ಇನ್ನೊಂದು ಬಂತು. ಅತ್ತೆ ಎತ್ತಿ, ರೂಢಿಯಂತೆ ಸ್ಪೀಕರ್ ಒತ್ತಿದರು. ನಮ್ಮ ಮನೆಯವರು ಅಲ್ಲೇ ಊಟಕ್ಕೆ ಕುಳಿತಿದ್ದರು.

ಕ್ಲಾಸಿನ ಆಫೀಸಿನಿಂದ ಎಂದು ಒಬ್ಬ ಮರಾಠಿಯಲ್ಲಿ ಹೇಳಿದ. ಸರ್ಟಿಫಿಕೇಟ್ ತಯಾರಿದೆ, ಮೊದಲು ಮನೆಯ ಯಜಮಾನರ ಹೆಸರು ಹೇಳಿ, ಆಮೇಲೆ ಈಗ ಬಂದಿರುವ ಓಟಿಪಿ ಹೇಳಿ ಎಂದ. ಕ್ಲಾಸ್ ಇನ್ನೂ ಅರ್ಧವೂ ಮುಗಿದಿರಲಿಲ್ಲ. ಖೊಟ್ಟಿ ಫೋನೇ ಅದು. ಮನೆಯವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. ನಾನು ಫೋನಿಗೆ ಕೈ ಚಾಚಿದರೆ, ಹಿಟ್ಟಿನ ಕೈ ಎಂದು ಅತ್ತೆ ಗದರಿದರು.

"ನಮ್ಮ ಮಾಲಕರ ಹೆಸರು ನಾ ಹೆಂಗ ಹೇಳ್ಲೆಪಾ?" ಎಂದರು ಅವನಿಗೆ. ನಮ್ಮಲ್ಲಿ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳುವುದು ಬಿಟ್ಟರೆ ಹೆಂಗಸರು ಬಾಯಲ್ಲಿ ತರುವುದಿಲ್ಲ.

ಅತ್ತೆಯ ಕನ್ನಡ ಕೇಳಿ ಅವನೂ ಕನ್ನಡಕ್ಕೆ ಬಂದ. "ಹಂಗಾರ ಮಗನ ಹೆಸರು ಹೇಳ್ರಿ ಆಯಿ."

ಮಗನಿಗೆ, ಅಂದರೆ ನಮ್ಮ ಮನೆಯವರಿಗೆ, ಇಟ್ಟಿರುವುದು ಅಜ್ಜನ ಹೆಸರು, ಅತ್ತೆಯ ಮಾವನದು. ಅದನ್ನೂ ಹೇಳುವಂತಿಲ್ಲ. ಹುಟ್ಟಿದಾಗಿನಿಂದ ಅತ್ತೆ ಅವರನ್ನು ಅಪ್ಪೂ ಎಂದೇ ಕರೆಯುತ್ತಾರೆ. "ಅದೂ ಹೇಳಾಕ ಬರಂಗಿಲ್ಲಪಾ," ಎಂದರು.

"ಮತ್ತ ಯಾರ್ದು ಹೇಳ್ತೀರಿ?"

"ನೀ ಮದಲ ನಿಂದು ಹೇಳು. ಮಾತು ನಮ್ಮ ಕಡೀದು ಕಾಣ್ತದ. ಯಾವೂರು?"

ಹಿರಿಯರು ಯಾವೂರು ಎಂದು ಕೇಳಿದರೆ ಹೇಳದೆ ಇರಲು ನಮ್ಮ ಕಡೆ ಯಾರಿಗೂ ಬಾರದು. ನಾದಿನಿಯ ಪಾಠ ಅವನಿಗೆ ಆಗಿರಲಿಲ್ಲ. ಊರು ಹೇಳಿದ. ಅವ್ವನ ತವರು ಕೇಳಿದರು, ಅದನ್ನೂ ಹೇಳಿದ. ಮನೆದೇವರನ್ನೂ ಹೇಳಿದ.

"ಲಗ್ನ ಆಗೇದೇನ?"

"ಇಲ್ರೀ ಆಯಿ. ಹೆಣ್ಣ ಸಿಗವಲ್ದು."

"ಉದ್ಯೋಗ ಏನ್ ಮಾಡ್ತಿ?"

ಆಗ ಅವನಿಗೆ ಎಚ್ಚರವಾಗಿರಬೇಕು. ಫೋನ್ ಕಟ್ಟಾಯಿತು.

"ಬಂತಲ್ಲ ಖೊಟ್ಟಿ ಫೋನು," ಎಂದರು ಮನೆಯವರು. "ಕ್ಲಾಸ್ ಬಂದ್." ನನ್ನ ಕಣ್ಣಲ್ಲಿ ನೀರು ಬಂದವು, ಒರೆಸಿಕೊಳ್ಳಲು ಕೈಯೆಲ್ಲ ಹಿಟ್ಟು.

"ಯಾಕ ಬಂದ್?" ಎಂದರು ಅತ್ತೆ. "ನಮ್ಮದೇನ್ ತಿಳೀತು ಅಂವಗ? ಅಂವನ ಊರು, ಅವ್ವನ ತವರು, ದೇವರು ದಿಂಡರು ಎಲ್ಲಾ ನನಗ ತಿಳದದ. ಅಂಜಿದ್ರ ಅಂವಾ ಅಂಜ್ಲಿ. ಆಕಿ ಕ್ಲಾಸ್ ನಡೀಲಿ."

ಅವ್ವನಿಗೆ ಎದುರಾಡುವ ರೂಢಿ ನಮ್ಮ ಮನೆಯವರಿಗಿಲ್ಲ. ತುತ್ತು ಬಾಯಿಗಿಟ್ಟುಕೊಂಡರು. ಅತ್ತೆ ಮತ್ತೆ ಶೇಂಗಾ ಮೊರ ಎಳೆದುಕೊಂಡರು, ಆದರೆ ಅವರ ಮನಸ್ಸು ಇನ್ನೂ ಆ ಹುಡುಗನ ಹತ್ತಿರವೇ ಇತ್ತು.

"ಲಗ್ನ ಆದ್ರ ಅಂವಾ ಇಂಥಾ ಉದ್ಯೋಗ ಬಿಡ್ತಾನ," ಎಂದರು ನನಗೆ. "ನಿನ್ನ ಕ್ಲಾಸಿನ್ಯಾಗ ಆ ಓ ಅನ್ನದ ಸೊಕ್ಕಿನ ಹುಡುಗಿ ಅದಾಳಲ್ಲ, ಆಕೀನ ಕೇಳಿ ನೋಡೂಣೇನ?"

ನಾನು ಹಿಟ್ಟಿನಿಂದ ತಲೆ ಎತ್ತಲಿಲ್ಲ. ಮನೆಯವರಿಗೆ ರೊಟ್ಟಿ ನೆತ್ತಿಗೇರಿತು. ಕೆಮ್ಮಿ, ನೀರು ಕುಡಿದು, ಬಹಳ ಗಂಭೀರವಾಗಿ ಹೇಳಿದರು, "ಆಕೀದು ಲಗ್ನ ಆಗೇದವ್ವಾ. ಭಾಳ ವರ್ಷ ಆತು."

ಅತ್ತೆ ಮೊರ ಕೆಳಗಿಟ್ಟರು.

"ಹೌದಾ? ಪಾಪ, ಆ ಅತ್ತಿ."